ಮೂರು ಸಲ ಹೋದೆ, ಎರಡು ಸಲ ವಾಪಸ್ ಕಳ್ಸಿದ್ರು, ಅದಕ್ಕೇ ನಮ್ಮ ಜಿಲ್ಲಾಸ್ಪತ್ರೆ ಬ್ಲಡ್ ಬ್ಯಾಂಕಿಗೆ ಐದಕ್ಕೆ ನಾಲ್ಕೂವರೆ ಸ್ಟಾರ್

ನಮ್ಮ ಮಲೆನಾಡ ಕಡೆಯ ಒಂದು ಜಿಲ್ಲಾಸ್ಪತ್ರೆಯ ರಕ್ತ ಕೇಂದ್ರದಲ್ಲಿ ನಂಗಾದ ಅನುಭವ ಇದು. ಊರಿನ ಹೆಸರು ಬೇಕಂತ್ಲೇ ಹಾಕ್ತಿಲ್ಲ, ಯಾಕಂದ್ರೆ ಕೆಳಗೆ ಒಂದೆರಡು ಕೊರತೆನೂ ಹೇಳೋದಿದೆ, ಅಲ್ಲಿ ಕೆಲ್ಸ ಮಾಡೋರಲ್ಲಿ ಕೆಲವ್ರು ಗುತ್ತಿಗೆ ಮೇಲಿರೋರು, ನಾನು ಬರ್ದಿದ್ದಕ್ಕೆ ಅವ್ರಿಗೆ ತೊಂದ್ರೆ ಆಗೋದು ಬೇಡ. ನಾನು ಹೈಸ್ಕೂಲಲ್ಲಿ ಸೈನ್ಸ್ ಟೀಚರ್, ನಮ್ಮೂರಿಂದ ಅಲ್ಲಿಗೆ ಬಸ್ಸಲ್ಲಿ ಎರಡು ಗಂಟೆ ದಾರಿ.

ಹೋದ್ ವರ್ಷ ಆಷಾಢದ ಮಳೇಲಿ ನನ್ನ ತಂಗಿಗೆ ಹೆರಿಗೆ ಆಯ್ತು. ಮಗು ಚೆನ್ನಾಗೇ ಹುಟ್ತು, ಅತ್ತಿದ್ದೂ ಕೇಳಿಸ್ತು, ನಾವೆಲ್ಲ ಕಾರಿಡಾರಲ್ಲಿ ನಿಂತು ಊರಿಗೆ ಫೋನ್ ಮಾಡ್ತಾ ಇದ್ವಿ, ಅರ್ಧ ಗಂಟೆನೂ ಆಗಿರ್ಲಿಲ್ಲ, ನರ್ಸ್ ಓಡಿ ಬಂದು ಬ್ಲೀಡಿಂಗ್ ನಿಲ್ತಾ ಇಲ್ಲ, ಗರ್ಭಕೋಶ ಗಟ್ಟಿ ಆಗ್ತಿಲ್ಲ, ನಾಲ್ಕು ಯುನಿಟ್ ಬ್ಲಡ್ ಬೇಕು ಅಂದ್ರು. ಅದೊಂದು ಪ್ರೈವೇಟ್ ನರ್ಸಿಂಗ್ ಹೋಮ್. ಬಿ ಪಾಸಿಟಿವ್, ಏನೂ ಅಪರೂಪದ ಗ್ರೂಪ್ ಅಲ್ಲ, ನಮ್ಮ ಸ್ಟಾಫ್ ರೂಮಲ್ಲೇ ಮೂರು ಜನ ಇದಾರೆ. ಆದ್ರೆ ರಾತ್ರಿ ಹನ್ನೊಂದೂವರೆಗೆ, ಜಡಿಮಳೇಲಿ, ಕರೆಂಟ್ ಇಲ್ದೆ ಇರೋ ಊರಲ್ಲಿ ಬಿ ಪಾಸಿಟಿವ್ ಕೂಡ ಅಪರೂಪ ಆಗ್ಬಿಡತ್ತೆ ಅನ್ನೋದು ನಂಗೆ ಅವತ್ತೇ ಗೊತ್ತಾಗಿದ್ದು. ಡೋನರ್ ಕರ್ಕೊಂಡು ಬಂದ್ರೆ ಮಾತ್ರ ರಕ್ತ ತರ್ಸ್ಕೊಡ್ತೀವಿ ಅಂತ ಕೌಂಟರಲ್ಲಿ ಕೂತಿದ್ದವ್ರು ಹೇಳಿದ್ರು. ವಾಟ್ಸಾಪ್ ಸ್ಟೇಟಸ್ ಹಾಕಿದ್ವಿ, ಸಿಕ್ಕಿದವ್ರಿಗೆಲ್ಲ ಫೋನ್ ಮಾಡಿದ್ವಿ. ಹನ್ನೊಂದು ಜನ ಬರ್ತೀವಿ ಅಂದ್ರು, ನಾಲ್ಕು ಜನ ಬಂದ್ರು, ಅದ್ರಲ್ಲಿ ಒಬ್ಬ ಕುಡ್ದಿದ್ದ, ಒಬ್ಬನಿಗೆ ಹದಿನೆಂಟು ತುಂಬಿರ್ಲಿಲ್ಲ. ಗೇಟ್ ಹೊರಗೆ ಒಬ್ಬ ಮನುಷ್ಯ ಬಂದು ಮೂರು ಸಾವಿರ ಕೊಡಿ ಮೇಡಂ ಜನ ನಾನು ಕರ್ಸ್ತೀನಿ ಅಂದ. ಸತ್ಯ ಹೇಳ್ತೀನಿ, ನನ್ನ ಕೈ ಪರ್ಸಿಗೆ ಹೋಗಿತ್ತು.

ಕೊನೆಗೆ ನರ್ಸಿಂಗ್ ಹೋಮ್ ಚೀಟಿ, ತಂಗಿ ಸ್ಯಾಂಪಲ್ ಎರಡೂ ತಗೊಂಡು ನಾನೂ ತಂಗಿ ಗಂಡನೂ ಜಿಲ್ಲಾಸ್ಪತ್ರೆ ಬ್ಲಡ್ ಬ್ಯಾಂಕಿಗೆ ಹೋದ್ವಿ. ನೈಟ್ ಡ್ಯೂಟಿ ಟೆಕ್ನಿಶಿಯನ್ ಒಬ್ರೇ ಇದ್ರು. ತಂಗಿ ಗಂಡ ಆಗ್ಲೇ ಶರ್ಟ್ ತೋಳು ಮಡಚ್ಕೊಂಡು ನಿಂತಿದ್ದ, ನನ್ನದೇ ತಗೊಳ್ಳಿ ಸರ್ ನಂದೂ ಬಿ ಪಾಸಿಟಿವ್ ಅಂತ. ಅವ್ರು ಸಮಾಧಾನದಿಂದ ಹೇಳಿದ್ರು, ಗಂಡನ ರಕ್ತ ಹೆಂಡ್ತಿಗೆ ಹಾಕೋದು ಒಳ್ಳೇದಲ್ಲ ಸಾರ್, ಮುಂದೆ ಇನ್ನೊಂದು ಮಗು ಆಗೋದಾದ್ರೆ ತೊಂದ್ರೆ ಬರ್ಬಹುದು, ಒಳಗೆ ಸ್ಟಾಕ್ ಇದೆ, ಮೊದ್ಲು ತಗೊಂಡು ಹೋಗಿ, ಕೊಡೋ ಮಾತು ಆಮೇಲೆ ಆಡಣ. ಕ್ರಾಸ್ ಮ್ಯಾಚ್, ಅಂದ್ರೆ ಆ ರಕ್ತ ತಂಗಿ ರಕ್ತಕ್ಕೆ ಹೊಂದತ್ತಾ ಅಂತ ನೋಡೋ ಟೆಸ್ಟ್, ಮಾಡೋಕೆ ಮುಕ್ಕಾಲು ಗಂಟೆ ಹಿಡೀತು, ಆ ಮುಕ್ಕಾಲು ಗಂಟೆ ನಾನು ಬೆಂಚ್ ಮೇಲೆ ಕೂತಿದ್ದೆ, ಎದುರುಗಡೆ ಗೋಡೆ ಗಡಿಯಾರ ಇತ್ತು, ಬೇರೆ ಏನೂ ನೆನಪಿಲ್ಲ. ಎರಡು ಬ್ಯಾಗ್ ಐಸ್ ಬಾಕ್ಸಲ್ಲಿ ಹಾಕ್ಕೊಟ್ರು, ತಂಗಿ ಗಂಡ ಕಾರಲ್ಲಿ ಅದನ್ನ ತೊಡೆ ಮೇಲೆ ಇಟ್ಕೊಂಡು ಎರಡೂ ಕೈಲಿ ತಬ್ಕೊಂಡು ಕೂತಿದ್ದ. ಇನ್ನೆರಡು ಬ್ಯಾಗ್ ಬೆಳಗಿನ ಜಾವ ಸಿಕ್ತು. ತಂಗಿ ಉಳ್ಕೊಂಡ್ಲು.

ಆ ಬ್ಯಾಗ್ ಮೇಲೆ ಒಂದು ನಂಬರ್ ಇತ್ತು, ಗ್ರೂಪ್ ಇತ್ತು, ತಗೊಂಡ ತಾರೀಖು ಇತ್ತು, ಕೊಟ್ಟೋರ ಹೆಸರು ಇರ್ಲಿಲ್ಲ. ತಾರೀಖು ನೋಡಿದ್ರೆ ಹದಿನೆಂಟು ದಿನದ ಹಿಂದಿಂದು. ಅಂದ್ರೆ ತಂಗಿಗೆ ನೋವು ಶುರುವಾಗೋಕೆ ಎರಡೂವರೆ ವಾರ ಮುಂಚೆ ಯಾರೋ ಒಬ್ರು, ಯಾರಿಗೆ ಅಂತ ಗೊತ್ತಿಲ್ದೆ, ಬಂದು ಮಲಗಿ ಕೊಟ್ಟು ಹೋಗಿದಾರೆ. ನಾವು ಮಧ್ಯರಾತ್ರೀಲಿ ಕಿರುಚಾಡಿ ಕರ್ಸಿದ ಜನರ ರಕ್ತ ಅವತ್ತು ಬಂದಿದ್ರೂ ಕೂಡ್ಲೇ ಕೆಲ್ಸಕ್ಕೆ ಬರ್ತಿರ್ಲಿಲ್ಲ, ತೆಗ್ದು, ಎಚ್ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಅಂತ ಐದೂ ಟೆಸ್ಟ್ ಮಾಡಿ ಕೊಡೋ ಹೊತ್ತಿಗೆ ಗಂಟೆಗಳು ಹೋಗ್ತವೆ. ಜೀವ ಉಳ್ಸೋದು ಕಪಾಟಲ್ಲಿ ಮೊದ್ಲೇ ಇರೋ ರಕ್ತ. ಇದು ಎಲ್ರಿಗೂ ಗೊತ್ತಾದ್ರೆ ಸಾಕು ಅನ್ಸತ್ತೆ ನಂಗೆ.

ಸರಿ, ರಿವ್ಯೂಗೆ ಬರ್ತೀನಿ.

ತಂಗಿ ಮನೆಗೆ ಬಂದು ಒಂದು ತಿಂಗಳಾದ್ಮೇಲೆ ಶ್ರಾವಣದ ಒಂದು ಶನಿವಾರ ನಾನು ಕೊಡೋಕೆ ಅಂತ ಹೋದೆ. ಹೋಗೋಕೆ ಭಯ ಇತ್ತು, ಅದಕ್ಕೊಂದು ಕಾರಣ ಇದೆ. ಡಿಗ್ರಿ ಓದುವಾಗ ಒಂದು ಸಂಸ್ಥೆಯೋರು ಕ್ಯಾಂಪ್ ಮಾಡಿದ್ರು, ಕೊಟ್ಟೋರಿಗೆಲ್ಲ ಗಿಫ್ಟ್ ಅಂತ ಟಿಫನ್ ಬಾಕ್ಸ್, ಸಂಜೆ ಒಳಗೆ ಇಷ್ಟು ಯುನಿಟ್ ಆಗ್ಲೇಬೇಕು ಅಂತ ಟಾರ್ಗೆಟ್. ನನ್ನ ಕಣ್ರೆಪ್ಪೆ ಎಳ್ದು ನೋಡಿದ್ದೇ ಟೆಸ್ಟು, ಬೆರಳಿಗೆ ಚುಚ್ಚಿ ನೋಡ್ಲೇ ಇಲ್ಲ. ಕೊಟ್ಟು ಬಸ್‌ಸ್ಟ್ಯಾಂಡಿಗೆ ನಡ್ಕೊಂಡು ಹೋಗ್ತಾ ಕಣ್ಣು ಕತ್ತಲೆ ಬಂದು ಬಿದ್ದೆ, ಹಣ್ಣಿನ ಗಾಡಿ ಅಮ್ಮ ಒಬ್ರು ಎತ್ತಿ ಕೂರ್ಸಿ ಮೋಸಂಬಿ ಹಿಂಡಿ ಕುಡ್ಸಿದ್ರು. ಅವತ್ತು ನನ್ನ ಎಚ್‌ಬಿ (ಹಿಮೋಗ್ಲೋಬಿನ್) ಎಷ್ಟಿತ್ತೋ ದೇವರೇ ಬಲ್ಲ. ಮನೇಲಿ ಅಮ್ಮ ಇನ್ನು ಆ ಕಡೆ ತಲೆ ಹಾಕಿ ಮಲಗ್ಬೇಡ ಅಂದ್ರು, ಹದಿಮೂರು ವರ್ಷ ನಾನೂ ಹೋಗ್ಲಿಲ್ಲ. ನನ್ನ ಜೊತೆ ಅವತ್ತು ನಿಂತಿದ್ದ ಗೆಳತಿಯರು ಕೂಡ ಒಬ್ರೂ ಮತ್ತೆ ಕೊಟ್ಟಿಲ್ಲ. ಒಂದು ಕ್ಯಾಂಪಿನ ಅವಸರಕ್ಕೆ ಎಷ್ಟು ಜನ ದೂರ ಆಗ್ತಾರೆ ನೋಡಿ.

ಇಲ್ಲಿ ಹಾಗಲ್ಲ. ಮೊದ್ಲು ಒಂದು ಫಾರ್ಮ್ ಕೊಟ್ರು, ಕನ್ನಡದಲ್ಲೇ ಇತ್ತು. ವಯಸ್ಸು 18ರಿಂದ 65ರ ಒಳಗೆ, ತೂಕ ಕನಿಷ್ಠ 45 ಕೇಜಿ, ಕಾಮಾಲೆ ಬಂದಿತ್ತಾ, ಯಾವ ಮಾತ್ರೆ ತಗೊಳ್ತಿದೀರಾ, ಆಪರೇಷನ್ ಆಗಿದ್ಯಾ, ಹಚ್ಚೆ ಹಾಕ್ಸಿದೀರಾ, ಮಗುಗೆ ಹಾಲು ಕುಡಿಸ್ತಿದೀರಾ, ಇವತ್ತು ತಿಂಗಳ ರಜೆ ಇದ್ಯಾ, ಹೀಗೆ. ಆಮೇಲೆ ಕೌನ್ಸೆಲರ್ ಮೇಡಂ ಒಬ್ರು ಬಾಗ್ಲು ಹಾಕಿದ ರೂಮಲ್ಲಿ ಕೂರ್ಸ್ಕೊಂಡು ಖಾಸಗಿ ಪ್ರಶ್ನೆಗಳನ್ನೂ ಕೇಳಿದ್ರು, ಮುಖಕ್ಕೆ ಹೊಡ್ದ ಹಾಗಲ್ಲ, ಮನೆಯೋರ ತರ. ಯಾಕೆ ಇದೆಲ್ಲ ಅಂದ್ರೆ, ಸೋಂಕು ತಗುಲಿ ಸ್ವಲ್ಪ ದಿನ ಟೆಸ್ಟಲ್ಲಿ ಗೊತ್ತಾಗಲ್ಲ ಮೇಡಂ, ಆ ಟೈಮಲ್ಲಿ ನೀವು ಹೇಳೋ ಸತ್ಯ ಒಂದೇ ಪೇಷಂಟನ್ನ ಕಾಪಾಡೋದು ಅಂದ್ರು. ಆಸ್ಪತ್ರೆ ಬಾಗಿಲಲ್ಲಿ ಸಂಬಂಧಿಕರನ್ನ ಎಳ್ಕೊಂಡು ಬಂದು ಕೊಡ್ಸೋದು ಯಾಕೆ ಸರಿ ಇಲ್ಲ ಅಂತ ನಂಗೆ ಆಗ ಹೊಳೀತು. ಅತ್ತೆ ಮನೆ ಜನ ಎಲ್ಲ ಸುತ್ತ ನಿಂತಿರುವಾಗ ಯಾರು ತಾನೆ ನಿಜ ಹೇಳ್ತಾರೆ? ತಾನಾಗೇ ಬಂದೋನಿಗೆ ಮುಚ್ಚಿಡೋ ಒತ್ತಡ ಇರಲ್ಲ. ದುಡ್ಡಿಗೆ ಬಂದೋನಂತೂ ಏನೂ ಹೇಳಲ್ಲ, 1996ರಲ್ಲಿ ಸುಪ್ರೀಂ ಕೋರ್ಟ್ ರಕ್ತ ಮಾರೋ ದಂಧೆ ನಿಲ್ಸಿ ಅಂತ ತೀರ್ಪು ಕೊಟ್ಟಿದ್ದು, 1998ರ ಜನವರಿಯಿಂದ ಅದು ಪೂರ್ತಿ ಬ್ಯಾನ್ ಆಗಿದ್ದು ಇದಕ್ಕೇ. ಆ ಗೇಟ್ ಹತ್ರ ನಿಂತಿದ್ದ ಮನುಷ್ಯನ ನೆನಪಾಗಿ ಈಗ್ಲೂ ಮೈ ಜುಮ್ ಅನ್ನತ್ತೆ.

ಆಮೇಲೆ ಎಚ್‌ಬಿ ಟೆಸ್ಟ್. ಇದನ್ನ ನಾನು ಸ್ವಲ್ಪ ವಿವರವಾಗಿ ಬರೀಲೇಬೇಕು. ಟೇಬಲ್ ಮೇಲೆ ಸಣ್ಣ ಗ್ಲಾಸ್ ಬಾಟ್ಲಲ್ಲಿ ನೀಲಿ ನೀರು ಇತ್ತು, ನೋಡಿದ ಕೂಡ್ಲೇ ಗೊತ್ತಾಯ್ತು, ಅದು ಮೈಲುತುತ್ತ! ನಮ್ಮಪ್ಪ ಕೊಳೆರೋಗಕ್ಕೆ ಸುಣ್ಣದ ಜೊತೆ ಕಲ್ಸಿ ಅಡಿಕೆ ಕೊನೆಗೆ ಹೊಡಿಸ್ತಾರಲ್ಲ, ಅದೇ ಕಾಪರ್ ಸಲ್ಫೇಟ್. ಇಲ್ಲಿ ಅದನ್ನ ಸರಿಯಾದ ಸಾಂದ್ರತೆಗೆ, ನೀರಿಗಿಂತ 1.053 ಪಟ್ಟು ಬರೋ ಹಾಗೆ ಮಾಡಿ ಇಟ್ಟಿರ್ತಾರೆ. ಬೆರಳ ತುದಿಗೆ ಚುಚ್ಚಿ ಒಂದು ಹನಿ ರಕ್ತ ಅದಕ್ಕೆ ಬಿಡ್ತಾರೆ. ಹಿಮೋಗ್ಲೋಬಿನ್ ರಕ್ತ ಕೊಡೋಕೆ ಬೇಕಾದ 12.5 ಇದ್ರೆ ಹನಿ ಭಾರ ಇರತ್ತೆ, ಸೀದಾ ತಳಕ್ಕೆ ಹೋಗತ್ತೆ. ಕಮ್ಮಿ ಇದ್ರೆ ತೇಲತ್ತೆ. ನನ್ನ ಹನಿ ಒಂದಿಂಚು ಇಳೀತು, ನಿಂತ್ಕೊಂಡ್ತು, ಆಮೇಲೆ ಮೆಲ್ಲಗೆ ಮೇಲಕ್ಕೆ ಬಂತು. ಸಿಸ್ಟರ್ ಮತ್ತೆ ಮೀಟರಲ್ಲೂ ನೋಡಿದ್ರು, 11.1.

ನಾನು ಎಷ್ಟು ಬೇಡಿಕೊಂಡೆ ಅಂದ್ರೆ, ಎರಡು ಗಂಟೆ ಬಸ್ಸಲ್ಲಿ ಬಂದಿದೀನಿ ಸಿಸ್ಟರ್, ನನ್ನ ತಂಗಿ ಇಲ್ಲಿಯ ರಕ್ತದಿಂದಾನೇ ಬದುಕಿದ್ದು, ಒಂದೂವರೆ ಪಾಯಿಂಟ್ ತಾನೇ ಅಂತ. ಅವ್ರು ನನ್ನ ಕೈ ಹಿಡ್ಕೊಂಡು, ಅಕ್ಕಾ ನಿಮ್ಗೇ ರಕ್ತ ಸಾಲ್ತಿಲ್ಲ, ನಿಮ್ಮಿಂದ ತಗೊಂಡ್ರೆ ನಾನು ಮಾಡೋದು ತಪ್ಪಾಗತ್ತೆ, ಬನ್ನಿ ಕೂತ್ಕೊಳ್ಳಿ ಅಂದ್ರು. ಕೂರ್ಸಿ ಟೀ ಕೊಡ್ಲಿಲ್ಲ, ಜ್ಯೂಸ್ ಕೊಟ್ರು, ಯಾಕಂದ್ರೆ ಅವ್ರು ಹೇಳಿದ ಮೊದಲ್ನೇ ವಿಷ್ಯನೇ ಟೀದು. ಊಟ ಆದ ತಕ್ಷಣ ಟೀ ಕಾಫಿ ಕುಡ್ದ್ರೆ ಊಟದಲ್ಲಿರೋ ಕಬ್ಬಿಣ ಮೈಗೆ ಹತ್ತಲ್ಲ, ಒಂದೆರಡು ಗಂಟೆ ಬಿಟ್ಟು ಕುಡೀರಿ. ಸೊಪ್ಪು ತಿನ್ನುವಾಗ ನಿಂಬೆಹಣ್ಣು ಹಿಂಡ್ಕೊಳ್ಳಿ. ನುಗ್ಗೆಸೊಪ್ಪು, ಹರಿವೆ, ಕಡ್ಲೆಕಾಳು ತಿನ್ನಿ, ಆದ್ರೆ 11ರಲ್ಲಿ ಇರೋರಿಗೆ ಬರೀ ಸೊಪ್ಪಿಂದ ಆಗಲ್ಲ, ನಿಮ್ಮೂರ ಪಿಎಚ್‌ಸಿಗೆ ಹೋಗಿ ಡಾಕ್ಟರ್ ಹತ್ರ ತೋರ್ಸಿ ಐರನ್ ಮಾತ್ರೆ ತಗೊಳ್ಳಿ, ಮೂರು ತಿಂಗಳು ಬಿಡದೆ ನುಂಗಿ, ಮಲ ಕಪ್ಪಗಾಗತ್ತೆ ಹೆದರ್ಬೇಡಿ. ಇಷ್ಟನ್ನ ಒಂದು ಚೀಟೀಲಿ ಬರ್ದೂ ಕೊಟ್ರು. ಮೂವತ್ತನಾಲ್ಕು ವರ್ಷದಲ್ಲಿ ನಂಗೆ ರಕ್ತಹೀನತೆ ಇದೆ ಅಂತ ಯಾರೂ ಹೇಳಿರ್ಲಿಲ್ಲ, ಮೆಟ್ಲು ಹತ್ತಿದ್ರೆ ಏದುಸಿರು, ಸಂಜೆ ಹೊತ್ತಿಗೆ ಸುಸ್ತು, ಎಲ್ಲ ಕೆಲ್ಸದ ಆಯಾಸ ಅಂದ್ಕೊಂಡಿದ್ದೆ. ಕೊಡೋಕೆ ಹೋದೋಳಿಗೆ ಅವ್ರೇ ಕೊಟ್ಟು ಕಳ್ಸಿದ ಹಾಗಾಯ್ತು.

ದೀಪಾವಳಿ ಕಳ್ದ್ಮೇಲೆ ಎರಡ್ನೇ ಸಲ ಹೋದೆ. ಅವತ್ತು ಸಂಕಷ್ಟಿ, ನಾನು ಉಪವಾಸ. ಅದು ಗೊತ್ತಾಗಿದ್ದೇ ತಡ, ಖಾಲಿ ಹೊಟ್ಟೇಲಿ ಕೊಡೋ ಹಾಗಿಲ್ಲ ಅಂದ್ಬಿಟ್ರು. ಆದ್ರೂ ಬಂದಿದೀರಲ್ಲ ಎಚ್‌ಬಿ ನೋಡಣ ಅಂತ ನೋಡಿದ್ರು, 12.2. ಅದೇ ಸಿಸ್ಟರ್, ನನ್ನ ಹಳೇ ಚೀಟಿ ನೋಡಿ ಮುಖ ಅರಳಿತು ಅವ್ರದ್ದು, ಹನ್ನೊಂದರಿಂದ ಇಲ್ಲಿಗೆ ಬಂದಿದೀರಲ್ಲ ಅಕ್ಕಾ, ಇನ್ನು ಸ್ವಲ್ಪ ದಿನ ಮಾತ್ರೆ ಬಿಡ್ಬೇಡಿ ಅಂದ್ರು. ಹೊರಗೆ ಡೆಂಗಿ ಸೀಸನ್ ಇನ್ನೂ ಪೂರ್ತಿ ಮುಗ್ದಿರ್ಲಿಲ್ಲ, ಪೇಷಂಟ್ ಕಡೆಯೋರು ಪ್ಲೇಟ್‌ಲೆಟ್‌ಗೆ ಅಂತ ಸಾಲಲ್ಲಿ ನಿಂತಿದ್ರು, ಅಷ್ಟು ಒತ್ತಡ ಇದ್ದಾಗ್ಲೂ 0.3 ಕಮ್ಮಿ ಇದ್ದೋಳ ಹತ್ರ ತಗೊಳ್ಲಿಲ್ಲ ಅವ್ರು. ನನ್ನ ನಂಬಿಕೆ ಗಟ್ಟಿ ಆಗಿದ್ದು ಅಲ್ಲಿ. ಇಷ್ಟು ಕಟ್ಟುನಿಟ್ಟಾಗಿ ನೋಡೋರು ಕೊಟ್ಟ ಬ್ಯಾಗೇ ಅವತ್ತು ನನ್ನ ತಂಗಿಗೆ ಹೋಗಿದ್ದು.

ಮೂರ್ನೇ ಸಲ ಫೆಬ್ರವರಿ 14, ಶನಿವಾರ. ಬೆಳಗ್ಗೆ ಸ್ಕೂಲು ಮುಗ್ಸಿ ಬಸ್ ಹತ್ತಿ, ಇಳ್ದ ಮೇಲೆ ಬಸ್‌ಸ್ಟ್ಯಾಂಡ್ ಎದುರು ಹೋಟೆಲಲ್ಲಿ ಹೊಟ್ಟೆ ತುಂಬ ಊಟ ಮಾಡಿ ಹೋದೆ. ಹನಿ ಬಿಟ್ರು. ಮುಳುಗ್ತು! ಒಂದ್ಸಲಕ್ಕೂ ನಿಲ್ಲದೆ ಗುಂಡಗೆ ಮಣಿ ತರ ತಳಕ್ಕೆ ಹೋಗಿ ಕೂತ್ಕೊಂಡ್ತು. ಮಕ್ಕಳಿಗೆ ಸಾಂದ್ರತೆ ಪಾಠ ಎಷ್ಟು ವರ್ಷದಿಂದ ಮಾಡ್ತಿದೀನಿ, ಮುಳುಗಿದ್ದು ನೋಡಿ ಕಣ್ಣಲ್ಲಿ ನೀರು ಬಂದಿದ್ದು ಮೊದಲ್ನೇ ಸಲ.

ಕೊಡೋದು ಅಂದ್ರೆ ಏನಾಗತ್ತೆ ಅಂತ ಹೆದರೋರಿಗೆ ಹೇಳ್ತೀನಿ. ಒರಗೋ ಕುರ್ಚಿ ಮೇಲೆ ಮಲಗಿಸಿ, ಮೇಲ್ತೋಳಿಗೆ ಬಿಪಿ ಪಟ್ಟಿ ಕಟ್ಟಿ, ಮೊಣಕೈ ಒಳಗೆ ಎರಡೆರಡು ಸಲ ಒರ್ಸಿ ಸೂಜಿ ಹಾಕ್ತಾರೆ. ಸೂಜಿ ದಪ್ಪಾನೇ, ಹಾಕುವಾಗ ಇರುವೆ ಅಲ್ಲ ಕಣಜ ಕಡ್ದಷ್ಟು ಚುರುಕ್ ಅನ್ನತ್ತೆ, ಸುಳ್ಳು ಹೇಳಲ್ಲ, ಆಮೇಲೆ ಏನೂ ಇಲ್ಲ. ಕೈಗೆ ಒಂದು ಸ್ಪಂಜಿನ ಚೆಂಡು ಕೊಟ್ಟು ಒತ್ತಿ ಬಿಡಿ ಒತ್ತಿ ಬಿಡಿ ಅಂತಾರೆ. ಕೆಳಗೆ ಒಂದು ಮಿಷಿನ್ ಮೇಲೆ ಬ್ಯಾಗ್ ತೊಟ್ಲು ತರ ತೂಗ್ತಾ ಇರತ್ತೆ, ಒಳಗಿರೋ ಔಷಧಿ ಜೊತೆ ರಕ್ತ ಬೆರೆತು ಹೆಪ್ಪುಗಟ್ಟಬಾರ್ದು ಅಂತ. ಕೈಗೆ ಪೈಪ್ ತಾಗಿದಾಗ ಬೆಚ್ಚಗಿತ್ತು, ನನ್ನದೇ ಮೈ ಬಿಸಿ. 350 ಎಂಎಲ್ ತುಂಬಿದ್ದೇ ಮಿಷಿನ್ ಕುಯ್ ಅಂತು, ಏಳೆಂಟು ನಿಮಿಷ ಆಗಿರ್ಬಹುದು. ಆಮೇಲೆ ಹದಿನೈದು ನಿಮಿಷ ಏಳೋಕೆ ಬಿಡ್ಲಿಲ್ಲ, ಬಿಸ್ಕೆಟ್, ಮಾವಿನ ಜ್ಯೂಸ್ ಕೊಟ್ರು, ಸಿಸ್ಟರ್ ಪಕ್ಕದಲ್ಲೇ ನಿಂತು ಮಾತಾಡಿಸ್ತಾ ಇದ್ರು, ಹಳೇ ಕಥೆ ಹೇಳಿದ್ದೆನಲ್ಲ, ಅದಕ್ಕೆ. ಏನೂ ಆಗ್ಲಿಲ್ಲ. ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಆರಾಮಾಗಿ ಮನೆಗೆ ಬಂದೆ.

ಒಂದು ಬ್ಯಾಗ್ ಒಬ್ರಿಗೇ ಹೋಗಲ್ಲ ಅನ್ನೋದನ್ನೂ ಅಲ್ಲೇ ತೋರ್ಸಿದ್ರು. ದೊಡ್ಡ ಸೆಂಟ್ರಿಫ್ಯೂಜಲ್ಲಿ ತಿರುಗ್ಸಿ ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಅಂತ ಬೇರೆ ಮಾಡ್ತಾರೆ. ಕೆಂಪುಕಣ ಫ್ರಿಜ್ಜಲ್ಲಿ ಹೆಚ್ಚಂದ್ರೆ 42 ದಿನ, ಪ್ಲಾಸ್ಮಾ ಮಂಜುಗಡ್ಡೆ ತರ ಗಟ್ಟಿ ಮಾಡಿ ಇಟ್ರೆ ಒಂದು ವರ್ಷ, ಪ್ಲೇಟ್‌ಲೆಟ್ ಮಾತ್ರ ಬರೀ 5 ದಿನ, ಅದೂ ಫ್ರಿಜ್ಜಲ್ಲಿ ಅಲ್ಲ, ರೂಮಿನ ತಂಪಲ್ಲಿ ಅಲ್ಲಾಡಿಸ್ತಾ ಇಟ್ಟಿರ್ಬೇಕು. ಡೆಂಗಿ ಬಂದಾಗ, ನಮ್ಮ ಕಡೆ ಮಂಗನ ಕಾಯಿಲೆ ಬಂದಾಗ ಪ್ಲೇಟ್‌ಲೆಟ್ ಯಾಕೆ ಸಿಗಲ್ಲ ಅಂತ ಜನ ಬೈತಾರೆ, ಕೂಡಿಡೋಕೇ ಆಗದ ವಸ್ತು ಅದು, ವಾರವಾರ ಯಾರಾದ್ರೂ ಬರ್ತಾ ಇದ್ರೆ ಮಾತ್ರ ಇರತ್ತೆ. ಥಲಸ್ಸೇಮಿಯಾ, ಅಂದ್ರೆ ಹುಟ್ಟಿನಿಂದ್ಲೇ ಮೈಯಲ್ಲಿ ರಕ್ತ ಸರಿಯಾಗಿ ಆಗದ ಕಾಯಿಲೆ, ಇರೋ ಮಕ್ಕಳಂತೂ ಎರಡು ಮೂರು ವಾರಕ್ಕೊಂದ್ಸಲ ಬಂದು ರಕ್ತ ಹಾಕ್ಸ್ಕೊಳ್ತಾರೆ, ಹುಟ್ಟಿದ ವರ್ಷದಿಂದ್ಲೇ ಶುರು. ನಾನು ಹೋದ ದಿನ ಒಬ್ಬ ಅಪ್ಪ ಎರಡ್ನೇ ಕ್ಲಾಸ್ ಇರ್ಬಹುದಾದ ಹುಡುಗಿನ ಬೆಂಚ್ ಮೇಲೆ ಕೂರ್ಸ್ಕೊಂಡಿದ್ರು, ಅವ್ಳು ಬಣ್ಣ ಹಚ್ಚೋ ಪುಸ್ತಕದಲ್ಲಿ ನವಿಲಿಗೆ ಬಣ್ಣ ತುಂಬ್ತಿದ್ಲು, ಆಸ್ಪತ್ರೆ ಅವ್ಳಿಗೆ ಸ್ಕೂಲಷ್ಟೇ ಅಭ್ಯಾಸ ಆಗಿತ್ತು. ಏಪ್ರಿಲ್ ಮೇ ಬಂದ್ರೆ ಕಾಲೇಜ್ ರಜೆ, ಕ್ಯಾಂಪ್ ಇಲ್ಲ, ಸ್ಟಾಕ್ ಇಳಿಯತ್ತೆ ಅಂತ ಸಿಸ್ಟರ್ ಹೇಳಿದಾಗ ನಂಗೆ ಆ ಹುಡುಗಿ ಮುಖನೇ ಕಣ್ಮುಂದೆ ಬಂದಿದ್ದು. ಮತ್ತೆ ನಮ್ಮ ಊರುಗಳಲ್ಲಿ ಅಡಿಕೆ ಮರದಿಂದ ಬೀಳೋ ಕೊನೆಗಾರರು, ತಿರುವಿನಲ್ಲಿ ಬೈಕ್ ಜಾರೋ ಹುಡುಗ್ರು, ಬಾಣಂತಿಯರು, ಇವ್ರಿಗ್ಯಾರಿಗೂ ರಜೆ ಅಂತ ಇಲ್ಲ.

ಈಗ ಅರ್ಧ ಸ್ಟಾರ್ ಯಾಕೆ ಕಳ್ದೆ ಅಂದ್ರೆ, ಡೋನರ್‌ಗಳನ್ನ ತಗೊಳೋದು ಸಂಜೆ 4ರ ತನಕ ಮಾತ್ರ, ಭಾನುವಾರ ಇಲ್ವೇ ಇಲ್ಲ. ಕೂಲಿಗೆ ಹೋಗೋರು, ಅಂಗಡೀಲಿ ಇರೋರು, ನಮ್ಮಂಥ ಹಳ್ಳಿಯೋರು ಬರ್ಬಹುದಾದ ಟೈಮೇ ನಾಲ್ಕರ ಮೇಲೆ, ಇಲ್ಲಾ ಭಾನುವಾರ. ಗೇಟಿಂದ ಒಳಗೆ ಹೋಗೋಕೆ ಒಂದು ಸರಿಯಾದ ಬೋರ್ಡ್ ಇಲ್ಲ, ನಾನು ಮೊದಲ್ನೇ ದಿನ ಎಕ್ಸರೇ ರೂಮಿನ ಕ್ಯೂನಲ್ಲಿ ನಿಂತಿದ್ದೆ. ಹೆಂಗಸ್ರು ಮಲಗೋ ಕಡೆ ಒಂದು ಪರದೆ ಹಾಕ್ಬೇಕು, ಹಾಕಿದ್ರೆ ನಮ್ಮ ಕಡೆ ಹೆಣ್ಮಕ್ಕಳು ಇನ್ನೂ ಧೈರ್ಯವಾಗಿ ಬರ್ತಾರೆ. ಈ ಮೂರೂ ಅಲ್ಲಿಯ ಸ್ಟಾಫ್ ಕೈಲಿಲ್ಲ ಅಂತ ಗೊತ್ತು, ದೊಡ್ಡೋರು ಮನಸ್ಸು ಮಾಡ್ಬೇಕು.

ಹೋಗೋರಿಗೆ: ರಕ್ತ ಕೊಡೋಕೆ ಹಿಂದಿನ ನಾಲ್ಕು ಗಂಟೆ ಒಳಗೆ ಏನಾದ್ರೂ ತಿಂದಿರ್ಬೇಕು, ನೀರು ಚೆನ್ನಾಗಿ ಕುಡೀರಿ, ಹಿಂದಿನ ರಾತ್ರಿ ನಿದ್ದೆ ಮಾಡಿ, ಐಡಿ ಕಾರ್ಡ್ ತಗೊಂಡು ಹೋಗಿ, ತೋಳು ಮಡಚೋಕಾಗೋ ಬಟ್ಟೆ ಹಾಕ್ಕೊಳ್ಳಿ. ಗಂಡಸರು 90 ದಿನಕ್ಕೊಂದ್ಸಲ, ಹೆಂಗಸರು 120 ದಿನಕ್ಕೊಂದ್ಸಲ ಕೊಡ್ಬಹುದು. ನಿಮ್ಮ ಹತ್ರದ ರಕ್ತ ಕೇಂದ್ರ ಎಲ್ಲಿದೆ, ಯಾವ ಗ್ರೂಪ್ ಎಷ್ಟಿದೆ ಅಂತ ಸರ್ಕಾರದ ಇ-ರಕ್ತಕೋಶ ವೆಬ್‌ಸೈಟಲ್ಲಿ ನೋಡ್ಬಹುದು. ರಕ್ತಕ್ಕೆ ಬೆಲೆ ಅಂತ ಕಟ್ಟೋ ಹಾಗಿಲ್ಲ, ಬ್ಯಾಗು, ಟೆಸ್ಟು, ಇಟ್ಟು ಕಾಪಾಡೋ ಖರ್ಚು ಮಾತ್ರ ತಗೋಬಹುದು, ಯಾರಾದ್ರೂ ಜಾಸ್ತಿ ಕೇಳಿದ್ರೆ ರಸೀದಿ ಕೇಳಿ. ಮತ್ತೆ ನನ್ನ ಹಾಗೆ ಹನಿ ತೇಲಿದ್ರೆ ಬೇಜಾರ್ ಮಾಡ್ಕೋಬೇಡಿ, ಅಲ್ಲಿಂದ ಸೀದಾ ಡಾಕ್ಟರ್ ಹತ್ರ ಹೋಗಿ.

ನನ್ನ ಕಾರ್ಡ್ ಮೇಲೆ ಮುಂದಿನ ತಾರೀಖು ಬರ್ಕೊಡುವಾಗ ಸಿಸ್ಟರ್ ಬೆರಳೆಣಿಸಿ 120 ದಿನ ಲೆಕ್ಕ ಹಾಕಿದ್ರು, ಜೂನ್ 14 ಬಂತು. ಅಯ್ಯೋ ಅಕ್ಕಾ ಅವತ್ತೇ ವಿಶ್ವ ರಕ್ತದಾನಿಗಳ ದಿನ, ಭಾನುವಾರ ಆದ್ರೂ ಅವತ್ತು ಕ್ಯಾಂಪ್ ಮಾಡ್ತೀವಿ ಬನ್ನಿ ಅಂದ್ರು. ಎ, ಬಿ, ಓ ಗ್ರೂಪ್‌ಗಳನ್ನ ಕಂಡುಹಿಡಿದ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ ಅದು, ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಿದೀನಿ. ನಮ್ಮ ಸ್ಕೂಲಿನ ಪಿಟಿ ಮೇಷ್ಟ್ರು ಬರ್ತೀನಿ ಅಂದಿದಾರೆ. ಬಿಸಿಯೂಟದ ಅಡುಗೆ ಅಕ್ಕನೂ ಬರ್ತೀನಿ ಅಂದ್ರು, ಪಿಎಚ್‌ಸಿಲಿ ನೋಡ್ಸಿದ್ವಿ, 10.8 ಇತ್ತು, ಮಾತ್ರೆ ಶುರು ಮಾಡಿದಾರೆ, ಊಟದ ಮೇಲಿನ ಟೀ ಬಿಟ್ಟಿದಾರೆ. ಜೂನಿಗೆ ಆಗದಿದ್ರೆ ಅಕ್ಟೋಬರಿಗೆ ನಾವಿಬ್ರೂ ಒಟ್ಟಿಗೆ ಹೋಗ್ತೀವಿ.